ಹತ್ತುವುದು ಸುಲಭ, ಮಲಗುವುದು ಕಷ್ಟ

ಬೆಟ್ಟ ಹತ್ತಿ ಬಂದವರೆಲ್ಲ ಬೆಟ್ಟದ ಬಗ್ಗೆಯೇ ಮಾತಾಡುತ್ತಾರೆ. ಹಿಮ, ಮೋಡ, ಸೂರ್ಯೋದಯ. ಫೋಟೋಗಳಲ್ಲೂ ಅದೇ. ಸಂಜೆ ಆರರ ಮೇಲೆ ಏನು ನಡೆಯಿತು ಅಂತ ಒಬ್ಬರೂ ಬಾಯಿ ಬಿಡುವುದಿಲ್ಲ. ಹಟ್ ಅಂದರೆ ಚಾರಣಿಗರು ರಾತ್ರಿ ತಂಗುವ ಬೆಟ್ಟದ ಮನೆ. ಹಟ್‌ನಿಂದ ಹಟ್‌ಗೆ ನಡೆಯುವ ಚಾರಣದಲ್ಲಿ ಹಗಲು ಬರೀ ನಡಿಗೆ. ಸಾಹಸ ಶುರುವಾಗುವುದು ಹಟ್‌ನ ಬಾಗಿಲು ತಳ್ಳಿ ಒಳಗೆ ಹೋದ ಮೇಲೆ.

ನಾವು ನಾಲ್ವರು ಗೆಳೆಯರು ಹೋಗಿದ್ದು ಆಲ್ಪ್ಸ್‌ನ ಟೂರ್ ಡು ಮಾಂಟ್ ಬ್ಲಾಂಕ್‌ಗೆ. ಮಾಂಟ್ ಬ್ಲಾಂಕ್ ಶಿಖರವನ್ನು ಹತ್ತದೆ, ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕುವ ದಾರಿ ಇದು. ಸುಮಾರು 170 ಕಿಲೋಮೀಟರ್. ಫ್ರಾನ್ಸ್‌ನಲ್ಲಿ ಹೊರಟು, ಇಟಲಿಗೆ ಇಳಿದು, ಸ್ವಿಟ್ಜರ್ಲೆಂಡ್ ಮುಟ್ಟಿ ಮತ್ತೆ ಫ್ರಾನ್ಸ್‌ಗೆ. ಒಟ್ಟು ಏರುವುದು ಹತ್ತಿರ ಹತ್ತಿರ 10,000 ಮೀಟರ್. ಎವರೆಸ್ಟ್ ಇರುವುದು 8,849 ಮೀಟರ್ ಅಲ್ವಾ, ಅದಕ್ಕಿಂತ ಜಾಸ್ತಿ. ಆದರೆ ಇದು ಕಂತಿನಲ್ಲಿ. ಹತ್ತಿದ್ದನ್ನೆಲ್ಲ ಅವತ್ತೇ ಸಂಜೆ ಇಳಿಸಿಬಿಡುತ್ತಾರೆ.

ಗುಂಪಿನ ಪರಿಚಯ ಮಾಡಿಕೊಡುತ್ತೇನೆ. ಒಬ್ಬ ಲೀಡರ್. ಯಾರೂ ಆರಿಸಿದ್ದಲ್ಲ, ಎಕ್ಸೆಲ್ ಶೀಟ್ ಅವನ ಹತ್ತಿರ ಇತ್ತು, ಅಷ್ಟೇ. ಇನ್ನೊಬ್ಬ ನಿಜವಾದ ಡಾಕ್ಟರ್. ಮೂರನೆಯವನಿಗೆ ಕ್ಯಾಮೆರಾ ಹುಚ್ಚು. ನಾಲ್ಕನೆಯವನು ನಾನು, ದೂರುವುದು ನನ್ನ ಇಲಾಖೆ.

ಬ್ಯಾಗಿನ ತೂಕದ ಮೇಲೆ ಲೀಡರ್‌ನ ಕಣ್ಣು ಬಲು ಚುರುಕು. ಟೂತ್‌ಬ್ರಶ್ಶಿನ ಹಿಡಿಯನ್ನು ಅರ್ಧಕ್ಕೆ ಮುರಿಸಿದ. ಟವೆಲ್ ಎಂದು ಅವನು ಕೊಡಿಸಿದ ಬಟ್ಟೆಯಲ್ಲಿ ಕನ್ನಡಕ ಒರೆಸಬಹುದು, ಮೈ ಅಲ್ಲ. ಡಾಕ್ಟರ್ ಮಾತ್ರ ಕೇಳಲಿಲ್ಲ. ಅವನ ಬ್ಯಾಗಿನಲ್ಲಿ ಒಂದು ಸಣ್ಣ ಆಸ್ಪತ್ರೆಯೇ ಇತ್ತು. ‘ಲೇ, ಮಾಂಟ್ ಬ್ಲಾಂಕ್ ಮೊದಲು ಹತ್ತಿದವರಲ್ಲಿ ಒಬ್ಬ ಡಾಕ್ಟರು, ಗೊತ್ತಾ?’ ಅಂತ ಬಾಯಿ ಮುಚ್ಚಿಸಿದ. ಅದು ನಿಜ. ಸೊಸ್ಯೂರ್ ಎಂಬ ಜಿನೀವಾದ ವಿಜ್ಞಾನಿ 1760ರಲ್ಲಿ, ಶಿಖರಕ್ಕೆ ದಾರಿ ಹುಡುಕಿದವರಿಗೆ ಬಹುಮಾನ ಕೊಡುತ್ತೇನೆ ಅಂದ. ಅದು ಕೈಗೂಡಲು 26 ವರ್ಷ ಬೇಕಾಯಿತು. 1786ರ ಆಗಸ್ಟ್ 8ರಂದು ತುದಿ ಮುಟ್ಟಿದವರು ಇಬ್ಬರು. ಒಬ್ಬ ಸ್ಫಟಿಕ ಹುಡುಕಿ ಮಾರುವ ಬಾಲ್ಮಾ, ಇನ್ನೊಬ್ಬ ಶಮೋನಿಯ ವೈದ್ಯ ಪಕ್ಕಾರ್. ಬಾಲ್ಮಾ ಮತ್ತು ಸೊಸ್ಯೂರ್ ಇಬ್ಬರ ಪ್ರತಿಮೆ ಶಮೋನಿ ಊರಿನ ನಡುವೆ ಜೊತೆಯಾಗಿ ನಿಂತಿದೆ. ಪಕ್ಕಾರ್‌ಗೆ ಪ್ರತಿಮೆ ಬಂದದ್ದು ಬಹಳ ತಡವಾಗಿ, ಅದೂ ಬೇರೆ ಕಡೆ. ನಮ್ಮ ಡಾಕ್ಟರ್‌ಗೆ ಇದು ವೈಯಕ್ತಿಕ ಅವಮಾನ. ಮೂರು ದೇಶದಲ್ಲೂ ಅದನ್ನೇ ಹೇಳಿಕೊಂಡು ನಡೆದ.

ನಡಿಗೆಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಹತ್ತಿದೆವು, ಇಳಿದೆವು. ಆದರೆ ಅಲ್ಲಿನ ದಾರಿಫಲಕಗಳ ಮೇಲೆ ನನಗೊಂದು ಸಿಟ್ಟಿದೆ. ಅವು ದೂರ ತೋರಿಸುವುದಿಲ್ಲ, ಗಂಟೆ ತೋರಿಸುತ್ತವೆ. ಸ್ವಿಟ್ಜರ್ಲೆಂಡ್‌ನ ಹಳದಿ ಫಲಕದ ಲೆಕ್ಕದಲ್ಲಿ ಸಮತಟ್ಟು ನೆಲದ ಮೇಲೆ ಮನುಷ್ಯ ಗಂಟೆಗೆ 4.2 ಕಿಲೋಮೀಟರ್ ನಡೆಯುತ್ತಾನೆ, ಮಧ್ಯೆ ಎಲ್ಲೂ ಕೂರುವುದಿಲ್ಲ. ಅಂಥ ಮನುಷ್ಯ ನಮ್ಮಲ್ಲಿ ಯಾರೂ ಇರಲಿಲ್ಲ. ‘2 ಗಂಟೆ’ ಎಂಬ ಫಲಕ ಬಿಟ್ಟು ಮೂರು ಗಂಟೆ ನಡೆದ ಮೇಲೆ ‘50 ನಿಮಿಷ’ ಎಂಬ ಫಲಕ ಎದುರಾದಾಗ ಆಗುವ ಅವಮಾನಕ್ಕೆ ಡಾಕ್ಟರ್ ಹತ್ತಿರವೂ ಮಾತ್ರೆ ಇರಲಿಲ್ಲ.

ಓಟಗಾರರು ಬೇರೆ. 2003ರಿಂದ ಇದೇ ದಾರಿಯಲ್ಲಿ ಆಗಸ್ಟ್ ಕೊನೆಗೆ ಒಂದು ಓಟದ ಸ್ಪರ್ಧೆ ನಡೆಯುತ್ತದೆ. ಜನ ಸಾಮಾನ್ಯವಾಗಿ ಹತ್ತು ಹನ್ನೊಂದು ದಿನ ಹಾಕುವ ದಾರಿಯನ್ನು ಗೆದ್ದವರು 20 ಗಂಟೆಯೊಳಗೆ ಮುಗಿಸಿದ್ದೂ ಇದೆ. ನಾವು ಹೋದ ಜುಲೈನಲ್ಲಿ ಅವರ ತಯಾರಿ ನಡೆಯುತ್ತಿತ್ತು. ಏದುಸಿರು ಬಿಡುತ್ತಾ ಕೋಲಿಗೆ ಒರಗಿ ನಿಂತಿರುತ್ತೇವೆ, ಪಕ್ಕದಲ್ಲೇ ಒಬ್ಬ ‘ಬೋನ್‌ಜೂರ್’ ಅಂತ ನಗುತ್ತಾ ಓಡಿಹೋಗುತ್ತಾನೆ. ಏರುದಾರಿಯಲ್ಲಿ! ನಗುವ ಶಕ್ತಿ ಎಲ್ಲಿಂದ ಬರುತ್ತದೋ.

ಸರಿ, ಹಟ್‌ಗೆ ಬರೋಣ. ಎರಡು ಸಾವಿರ ಮೀಟರ್ ಎತ್ತರದಲ್ಲಿ ಕಲ್ಲಿನ ದೊಡ್ಡ ಮನೆ. ಬಾಗಿಲಲ್ಲೇ ಶೂ ಕೋಣೆ. ಶೂ ಬಿಚ್ಚಿಟ್ಟು, ಅಲ್ಲಿರುವ ರಬ್ಬರ್ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬೇಕು. ಕಂಬಳಿ ಅವರು ಕೊಡುತ್ತಾರೆ, ಅದರೊಳಗೆ ಹಾಸಿಕೊಳ್ಳುವ ತೆಳು ಬಟ್ಟೆಯ ಚೀಲವನ್ನು ನಾವೇ ಒಯ್ಯಬೇಕು. ಏಳು ಗಂಟೆಯ ಹೊತ್ತಿಗೆ ಉದ್ದದ ಮೇಜಿನಲ್ಲಿ ಎಲ್ಲರಿಗೂ ಒಂದೇ ಊಟ. ಸೂಪು, ಮುಖ್ಯ ಅಡುಗೆ, ಸಿಹಿ. ಇಟಲಿ ಕಡೆ ಪೊಲೆಂಟಾ ಎಂಬ ಮೆಕ್ಕೆಜೋಳದ ಗಂಜಿ ಮತ್ತು ಚೀಸ್. ಹತ್ತಕ್ಕೆ ದೀಪ ಆರುತ್ತದೆ. ಎಷ್ಟೋ ಕಡೆ ಬಿಸಿನೀರಿಗೆ ಟೋಕನ್. ಒಂದು ಟೋಕನ್‌ಗೆ ಕೆಲವೇ ನಿಮಿಷ ನೀರು, ಆಮೇಲೆ ನಿಮ್ಮ ಹಣೆಬರಹ. ನಮ್ಮ ಕ್ಯಾಮೆರಾದವನು ಸ್ನಾನದಲ್ಲೂ ಕಲಾವಿದ. ನಿಧಾನಕ್ಕೆ ತಲೆಗೆ ಶಾಂಪೂ ತಿಕ್ಕಿ, ನೊರೆಯನ್ನು ಒಂದು ಹದಕ್ಕೆ ತಂದಾಗ ನೀರು ನಿಂತಿತು. ಹೊರಗಿನ ತೊಟ್ಟಿಯಲ್ಲಿ ಹಿಮ ಕರಗಿದ ನೀರು ಬೀಳುತ್ತಿತ್ತು. ಕನ್ನಡಕದ ಬಟ್ಟೆಯಷ್ಟೇ ಅಗಲದ ಆ ಟವೆಲ್ ಸುತ್ತಿಕೊಂಡು ಅವನು ಅಲ್ಲಿಗೆ ಓಡಿದ. ಕಿರುಚಿದ ಸದ್ದಿಗೆ ಜನ ಹೊರಗೆ ಬಂದರು. ಅವತ್ತು ಅತಿ ಹೆಚ್ಚು ಫೋಟೋ ಹೊಡೆಸಿಕೊಂಡವನು ಅವನೇ.

ಶೂ ಕೋಣೆಯ ಕಥೆ ಇದಕ್ಕಿಂತ ಉದ್ದ. ಬೆಳಿಗ್ಗೆ ಆರಕ್ಕೆ, ಅರೆಗತ್ತಲಲ್ಲಿ, ಅರವತ್ತು ಜನ ಶೂ ಹುಡುಕುವುದನ್ನು ಊಹಿಸಿಕೊಳ್ಳಿ. ಅದರಲ್ಲಿ ಅರ್ಧ ಒಂದೇ ಬ್ರ್ಯಾಂಡ್, ಒಂದೇ ಕಂದು ಬಣ್ಣ. ಇಟಲಿಯ ಗಡಿಯಾದ ಕೋಲ್ ಡಿ ಲಾ ಸೇನ್ ಕಣಿವೆದಾರಿಗೆ (2,516 ಮೀಟರ್) ಹೊರಟ ದಿನ ಡಾಕ್ಟರ್ ಶುರುವಿನಿಂದಲೇ ಕುಂಟುತ್ತಿದ್ದ. ‘ಏನೋ, ಶೂ ಕಚ್ತಿದೆಯಾ?’ ಅಂದೆ. ‘ಇಲ್ಲ ಮಾರಾಯ, ದಿನಾ ನಡೆದರೆ ಕಾಲು ಊದಿಕೊಳ್ಳುತ್ತೆ, ಸಹಜ’ ಅಂತ ರಕ್ತನಾಳ, ಗುರುತ್ವ ಎಲ್ಲ ಸೇರಿಸಿ ಪಾಠ ಮಾಡಿದ. ಗಡಿಯ ಹೊತ್ತಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ತನ್ನ ಆಸ್ಪತ್ರೆ ಬಿಚ್ಚಿ ತಾನೇ ಪಟ್ಟಿ ಹಾಕಿಕೊಂಡ. ಕಾಯಿಲೆಗೆ ಲ್ಯಾಟಿನ್ ಹೆಸರೂ ಹೇಳಿದ.

ಸಂಜೆ ಮುಂದಿನ ಹಟ್‌ನ ಶೂ ಕೋಣೆಯಲ್ಲಿ ಬೆಲ್ಜಿಯಂನ ಒಬ್ಬ ಗಿಡ್ಡ ಮನುಷ್ಯ ಬಹಳ ಖುಷಿಯಲ್ಲಿದ್ದ. ಶೂ ಹೊಸದಂತೆ, ಅಷ್ಟು ದಿನ ಕಚ್ಚುತ್ತಿತ್ತಂತೆ, ಅವತ್ತು ಪವಾಡದ ಹಾಗೆ ಸಡಿಲವಾಗಿ ಹದಕ್ಕೆ ಬಂದಿತ್ತಂತೆ. ಲೀಡರ್ ಸುಮ್ನೆ ಬಗ್ಗಿ ಶೂ ಒಳಗಿನ ನಂಬರ್ ನೋಡಿದ. ಆಮೇಲೆ ಡಾಕ್ಟರ್‌ನ ಶೂ ನೋಡಿದ. ಅಷ್ಟೇ. ರಕ್ತನಾಳದ ಪಾಠ ಅಲ್ಲಿಗೆ ಮುಗಿಯಿತು. ಶೂ ಮತ್ತೆ ಅವರವರಿಗೆ ವಾಪಸಾದಾಗ ಹೆಚ್ಚು ಬೇಸರಪಟ್ಟವನು ಆ ಬೆಲ್ಜಿಯಂನವನು. ಮಾರನೆಯ ದಿನದಿಂದ ಅವನು ಕುಂಟತೊಡಗಿದ.

ನಿಮಗೆ ಒಂದು ವಿಷಯ ಹೇಳಬೇಕು. ಈ ದಾರಿಯಲ್ಲಿ ಹೆಚ್ಚಿನವರು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತಾರೆ. ಹಟ್‌ಗಳು ಇರುವುದೂ ಎಣಿಸಿದಷ್ಟೇ. ಹಾಗಾಗಿ ಹಗಲೆಲ್ಲ ಬೇರೆ ಬೇರೆ ನಡೆದರೂ ರಾತ್ರಿ ಮತ್ತೆ ಅವೇ ಮುಖಗಳು. ಶೂ ವಾಪಸ್ ಸಿಕ್ಕಿದ್ದು ಇದರಿಂದ. ನಮ್ಮ ಮರ್ಯಾದೆ ಹೋದದ್ದೂ ಇದರಿಂದಲೇ.

ಯಾಕೆಂದರೆ ಲೀಡರ್ ಗೊರಕೆ ಹೊಡೆಯುತ್ತಾನೆ.

ಡಾರ್ಮಿಟರಿಯಲ್ಲಿ ಹಾಸಿಗೆಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಈ ಕಡೆ ಗೆಳೆಯ, ಆ ಕಡೆ ಯಾರೋ ಅಪರಿಚಿತರ ಮೊಣಕೈ. ಮೊದಲ ರಾತ್ರಿ ಹತ್ತೂಕಾಲಿಗೆ ಅವನ ಗೊರಕೆ ಏಳತೊಡಗಿತು, ತುಂಬಿದ ಲಾರಿ ಘಾಟಿಯಲ್ಲಿ ಗೇರ್ ಬದಲಿಸುವ ಹಾಗೆ. ಮಧ್ಯೆ ಒಮ್ಮೆ ಪೂರ್ತಿ ನಿಲ್ಲುತ್ತದೆ. ಇಡೀ ಕೋಣೆ ಉಸಿರು ಹಿಡಿದು ಕಾಯುತ್ತದೆ. ಮತ್ತೆ ಫಸ್ಟ್ ಗೇರ್. ಯಾರೋ ಕೆಮ್ಮಿದರು. ಯಾರೋ ಜರ್ಮನ್‌ನಲ್ಲಿ ಏನೋ ಅಂದರು, ಪ್ರಾರ್ಥನೆ ಇರಲಾರದು. ಡಾಕ್ಟರ್ ಬಾಯಿ ಮುಚ್ಚಿಕೊಂಡು ಅವನನ್ನು ಪಕ್ಕಕ್ಕೆ ಹೊರಳಿಸಿದ. ಐದು ನಿಮಿಷ ಶಾಂತಿ. ಆಮೇಲೆ ಆ ಪಕ್ಕದಿಂದಲೂ ಬಂತು. ಬೆಳಿಗ್ಗೆ ತಿಂಡಿಗೆ ಕೆಂಪು ಕಣ್ಣಿನ ಮೂವತ್ತು ಜನರ ನಡುವೆ ಅವನೊಬ್ಬನೇ ಲವಲವಿಕೆಯಿಂದ ಬ್ರೆಡ್ಡಿಗೆ ಜಾಮ್ ಹಚ್ಚುತ್ತಾ, ‘ಯಾರೋ ಗೊರಕೆ ಮಾರಾಯ, ಒಂಚೂರೂ ನಿದ್ದೆ ಇಲ್ಲ’ ಅಂದ. ಹೇಳಿದರೆ ನಂಬಲಿಲ್ಲ. ಕ್ಯಾಮೆರಾದವನು ರೆಕಾರ್ಡ್ ಮಾಡಿ ಕೇಳಿಸಿದ. ‘ಇದು ಗಾಳಿ ಕಣ್ರೋ’ ಅಂದ.

ನಾವು ನಡೆಯುವ ಮುಂಚೆಯೇ ಅವನ ಕೀರ್ತಿ ಮುಂದಿನ ಹಟ್ ಸೇರತೊಡಗಿತು. ಒಳಗೆ ಕಾಲಿಟ್ಟರೆ ಸಾಕು, ಜನ ಗಡಿಬಿಡಿಯಿಂದ ಮೇಲೆ ಓಡಿ ದೂರದ ಹಾಸಿಗೆಗಳ ಮೇಲೆ ಟೋಪಿ ಇಟ್ಟು ಬರುತ್ತಿದ್ದರು. ಒಬ್ಬ ಇಟಾಲಿಯನ್ ಅಜ್ಜಿ ನಮಗೆ ಇಯರ್‌ಪ್ಲಗ್ ಹಂಚಿದರು. ಲೀಡರ್‌ಗೂ ಒಂದು ಜೊತೆ ಕೊಟ್ಟರು. ಅವನು ಥ್ಯಾಂಕ್ಸ್ ಹೇಳಿ ಹಾಕಿಕೊಂಡು ಮಲಗಿದ.

2,537 ಮೀಟರ್‌ನ ಗ್ರ್ಯಾಂಡ್ ಕೋಲ್ ಫೆರೆ ಕಣಿವೆದಾರಿ ದಾಟಿ ಸ್ವಿಟ್ಜರ್ಲೆಂಡ್‌ಗೆ ಇಳಿದ ಸಂಜೆ, ಹಟ್ ನೋಡಿಕೊಳ್ಳುವ ಹೆಂಗಸು ನಮ್ಮ ಬುಕಿಂಗ್ ನೋಡಿದರು, ನಮ್ಮ ಮುಖ ನೋಡಿದರು, ಹಿಂದೆ ಕೂತಿದ್ದ ಜರ್ಮನ್ನರ ಕಡೆ ನೋಡಿದರು. ‘ಬನ್ನಿ, ನಿಮಗೆ ಬೇರೆ ಕೋಣೆ’ ಅಂತ ಸೌದೆ ಕೊಟ್ಟಿಗೆಯ ಪಕ್ಕ ಕರೆದೊಯ್ದರು. ನಾಲ್ಕು ಮಂಚ, ಸ್ವಂತ ಕಿಟಕಿ, ಬಾಗಿಲಿಗೆ ಚಿಲಕ.

‘ನೋಡಿದ್ರಾ?’ ಲೀಡರ್ ಎದೆ ಉಬ್ಬಿಸಿದ. ‘ಆರು ತಿಂಗಳ ಮುಂಚೆ ಇಮೇಲ್ ಹಾಕಿದ್ದಕ್ಕೆ ಸಿಕ್ಕಿದ್ದು. ಪ್ಲಾನಿಂಗ್ ಅಂದ್ರೆ ಇದು!’

ಅವನು ಸ್ನಾನಕ್ಕೆ ಹೋದದ್ದೇ ನಾವು ಮೂವರು ಅಡುಗೆಮನೆಗೆ ಓಡಿದೆವು. ಡಾರ್ಮಿಟರಿಯಲ್ಲಿ ಜಾಗ ಇದೆಯಾ ಅಂತ ಡಾಕ್ಟರ್ ಕೈ ಮುಗಿದು ಕೇಳಿದ. ಆಕೆ ರಿಜಿಸ್ಟರ್ ತಿರುವಿ ಎರಡು ಬೆರಳು ತೋರಿಸಿದರು.

ಚೀಟಿ ಹಾಕಿದೆವು. ನನ್ನ ಹೆಸರು ಬರಲಿಲ್ಲ.