ಒಂದು ಶಾಲೆಯ ನಾಲ್ಕು ಹೆಸರು

ಪದವಿ ಕಾಲೇಜೊಂದರ ಕಚೇರಿಗೆ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು ನಾನು. ವಿಶ್ವವಿದ್ಯಾಲಯವೊಂದು ತನ್ನ ಕಚೇರಿಯ ಹಳೆಯ ಫೈಲುಗಳನ್ನು ರದ್ದಿಗೆ ಹಾಕದೆ, ಪೆಟ್ಟಿಗೆಗಳಲ್ಲಿ ಜೋಡಿಸಿ, ಸೂಚಿ ಬರೆದು, ಓದಲು ಬಂದವರ ಮುಂದಿಡುತ್ತದೆ ಎಂದರೆ ನನ್ನ ಜೊತೆ ದುಡಿದ ಅನೇಕರು ನಗುತ್ತಾರೆ. ನ್ಯೂಯಾರ್ಕಿನ ‘ದಿ ನ್ಯೂ ಸ್ಕೂಲ್’ ಎಂಬ ವಿಶ್ವವಿದ್ಯಾಲಯ ತನ್ನ ಮಿಲಾನೊ ನಿರ್ವಹಣೆ ಮತ್ತು ನಗರನೀತಿ ಸ್ನಾತಕೋತ್ತರ ಶಾಲೆಯ ಆಡಳಿತ ದಾಖಲೆಗಳನ್ನು ಹೀಗೆ ಉಳಿಸಿಕೊಂಡಿದೆ. ಇದು ಹಣವಿದ್ದವರ ಹವ್ಯಾಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆ ಶಾಲೆ ಒಂದೇ ಹೆಸರಿನಲ್ಲಿ ಬಹಳ ಕಾಲ ನಿಂತದ್ದಿಲ್ಲ. 1919ರಲ್ಲಿ ವಯಸ್ಕರ ಕಲಿಕೆಗೆಂದು ಆರಂಭವಾಗಿ, 1933ರಲ್ಲಿ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ವಿದ್ವಾಂಸರಿಗೆ ಆಶ್ರಯ ಕೊಟ್ಟು ಹೆಸರಾದ ‘ದಿ ನ್ಯೂ ಸ್ಕೂಲ್’ 1964ರಲ್ಲಿ ನ್ಯೂಯಾರ್ಕ್ ನಗರ ವ್ಯವಹಾರಗಳ ಕೇಂದ್ರವನ್ನು ತೆರೆಯಿತು; ಮಿಲಾನೊ ಶಾಲೆಯ ಬೇರು ಅಲ್ಲಿದೆ. 1970ರ ದಶಕದಲ್ಲಿ ಅದು ‘ನಿರ್ವಹಣೆ ಮತ್ತು ನಗರ ವೃತ್ತಿಗಳ’ ಶಾಲೆಯಾಯಿತು. 1990ರ ದಶಕದಲ್ಲಿ ದಾನಿ ರಾಬರ್ಟ್ ಮಿಲಾನೊ ಅವರ ಹೆಸರು ಸೇರಿತು, ‘ವೃತ್ತಿ’ ಇದ್ದ ಜಾಗಕ್ಕೆ ‘ನೀತಿ’ ಬಂತು. 2011ರಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳೂ ಕೂಡಿಕೊಂಡವು. ವೃತ್ತಿ ಎಂದಾಗ ನಗರಾಡಳಿತದ ಮೇಜಿನ ಹಿಂದೆ ಕೂತವನು ಕಣ್ಣಿಗೆ ಬರುತ್ತಾನೆ, ನೀತಿ ಎಂದಾಗ ಅವನಿಗೆ ಸಲಹೆ ಕೊಡಲು ಬರುವವನು. ಈ ಬದಲಾವಣೆಯನ್ನು ಯಾರು ಸೂಚಿಸಿದರು, ಯಾರು ತಕರಾರು ತೆಗೆದರು ಎಂಬುದನ್ನು ಬಣ್ಣದ ಕೈಪಿಡಿಯಲ್ಲಿ ಹುಡುಕಿ ಫಲವಿಲ್ಲ. ಅಂಥದ್ದು ಸಿಗುವುದಾದರೆ ಸಭೆಯ ನಡಾವಳಿಯಲ್ಲಿ, ಕರಡು ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಟಿಪ್ಪಣಿಯಲ್ಲಿ ಸಿಗಬೇಕು.

ಕಾಲವನ್ನೂ ನೋಡಬೇಕು. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದು, ಸಾಲ ಎತ್ತಲು ರಾಜ್ಯ ಸರ್ಕಾರ ಬೇರೆಯೇ ನಿಗಮ ಸ್ಥಾಪಿಸಿ, ನಗರದ ಖರ್ಚಿನ ಮೇಲೆ ನಿಯಂತ್ರಣ ಮಂಡಳಿಯನ್ನು ಕೂರಿಸಬೇಕಾಯಿತು. ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಮರುವರ್ಷ ಅಲ್ಲಿನ ನಗರ ವಿಶ್ವವಿದ್ಯಾಲಯದಲ್ಲಿ ಶುಲ್ಕವಿಲ್ಲದ ಶಿಕ್ಷಣವೇ ನಿಂತುಹೋಯಿತು. ಅಂಥ ಊರಿನಲ್ಲಿ ನಗರ ನಡೆಸುವ ವಿದ್ಯೆಯನ್ನು ಕಲಿಸಲು ಹೊರಟ ಶಾಲೆಯೊಂದರ ಆಯವ್ಯಯ ಪಟ್ಟಿ, ಸಂಜೆ ತರಗತಿಯ ವೇಳಾಪಟ್ಟಿ, ಅತಿಥಿ ಉಪನ್ಯಾಸಕರ ಸಂಭಾವನೆಯ ಪತ್ರ ಇವೆಲ್ಲ ಬರೀ ಕಚೇರಿ ಕಾಗದವಾಗಿ ಉಳಿಯುವುದಿಲ್ಲ.

ದಾಖಲೆ ಭಂಡಾರದವರು ಇವನ್ನು ಕಾಪಾಡುವ ಕ್ರಮವೂ ನನಗೆ ಇಷ್ಟ. ಯಾವ ಕಚೇರಿಯ ಕಾಗದವೋ ಆ ಕಚೇರಿಯ ಕಟ್ಟಿನಲ್ಲೇ ಇರಬೇಕು, ಬೇರೆಯದರೊಡನೆ ಬೆರೆಸಬಾರದು ಎಂಬುದು 1841ರಲ್ಲಿ ಫ್ರಾನ್ಸಿನಲ್ಲಿ ಹೊರಟ ಸುತ್ತೋಲೆಯ ನಿಯಮ. ಗುಮಾಸ್ತ ಜೋಡಿಸಿಟ್ಟ ಅನುಕ್ರಮವನ್ನು ಕೆಡಿಸಬಾರದು ಎಂಬುದು ಅದರ ಬೆನ್ನಿಗೆ ಬೆಳೆದದ್ದು. ತುಕ್ಕು ಹಿಡಿದ ಗುಂಡುಪಿನ್ನನ್ನು ಅವರು ಮೆಲ್ಲಗೆ ಬಿಡಿಸಿ ತೆಗೆಯುತ್ತಾರೆ, ಕಾಗದವನ್ನು ಆಮ್ಲವಿಲ್ಲದ ರಟ್ಟಿನ ಹೊದಿಕೆಗೆ ಸೇರಿಸುತ್ತಾರೆ, ಒಟ್ಟು ಸಂಗ್ರಹವನ್ನು ಕಪಾಟಿನ ಮೇಲೆ ಅದು ಹಿಡಿಯುವ ಉದ್ದದಿಂದ, ಅಡಿಗಳಲ್ಲಿ ಅಳೆಯುತ್ತಾರೆ. ನಾವು ಅಳೆದದ್ದು ಕಿಲೋಗಳಲ್ಲಿ.

ಎಲ್ಲವೂ ಎಲ್ಲರಿಗೂ ತೆರೆದಿರಬೇಕೆಂದು ನಾನು ವಾದಿಸುತ್ತಿಲ್ಲ. ಅಮೆರಿಕದಲ್ಲಿ 1974ರ ಕಾನೂನು ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಯನ್ನು ಅವನ ಒಪ್ಪಿಗೆಯಿಲ್ಲದೆ ಕಂಡಕಂಡವರಿಗೆ ತೋರಿಸುವುದನ್ನು ತಡೆಯುತ್ತದೆ; ಅಂಕಪಟ್ಟಿ, ಪ್ರವೇಶದ ಅರ್ಜಿ ಮುಚ್ಚಿಯೇ ಇರಬೇಕು, ಅದು ಸರಿ. ಆದರೆ ಅದರಿಂದ ಆಡಳಿತ ದಾಖಲೆಯಲ್ಲಿ ಡೀನರ ಮಾತು ದೊಡ್ಡದಾಗಿ ಕೇಳಿ, ಹಗಲು ಕೆಲಸ ಮುಗಿಸಿ ಸಂಜೆ ತರಗತಿಗೆ ಓಡಿಬಂದವರ ಮಾತು ಕೇಳದೇ ಹೋಗುವ ಸಂಭವವಿದೆ. ಓದುವವರು ಈ ಕೊರತೆಯನ್ನು ಲೆಕ್ಕಕ್ಕೆ ಹಿಡಿದೇ ಓದಬೇಕು.

ನಮ್ಮ ಕಾಲೇಜಿನಲ್ಲಿ ಒಮ್ಮೆ ಪರಿಶೀಲನಾ ತಂಡ ಬರುವುದಿತ್ತು. ರೆಕಾರ್ಡ್ ರೂಮನ್ನು ಚೊಕ್ಕ ಮಾಡಲು ಆದೇಶವಾಯಿತು. ಆವಕ-ಜಾವಕ ರಿಜಿಸ್ಟರುಗಳು, ಕಾಲೇಜು ಆರಂಭವಾದಾಗಿನ ಆಡಳಿತ ಮಂಡಳಿಯ ನಡಾವಳಿಗಳು, ಹೊಸ ವಿಭಾಗ ತೆರೆಯಲು ನಡೆದ ಪತ್ರವ್ಯವಹಾರ ಎಲ್ಲವೂ ಎರಡು ದಿನದಲ್ಲಿ ರದ್ದಿಯವನ ತಕ್ಕಡಿಗೇರಿದವು. ಟ್ಯಾಗು ಬಿಚ್ಚಿಕೊಟ್ಟರೆ ಒಳ್ಳೆಯ ದರ ಕೊಡುತ್ತೇನೆ ಎಂದ. ಬಿಚ್ಚಿಕೊಟ್ಟವರಲ್ಲಿ ನಾನೂ ಒಬ್ಬ. ಆಮೇಲೆ ಕಚೇರಿಯ ವ್ಯವಹಾರವೆಲ್ಲ ಇ-ಮೇಲಿಗೆ ಬಂತು, ಮಾರಲು ಕಾಗದವೂ ಉಳಿಯಲಿಲ್ಲ. ನಿವೃತ್ತಿಯ ದಿನ ನನ್ನಿಂದ ಕಪಾಟಿನ ಬೀಗದ ಕೈ, ರಬ್ಬರ್ ಸ್ಟಾಂಪು, ಗ್ರಂಥಾಲಯದ ಎರಡು ಪುಸ್ತಕಗಳನ್ನು ಎಣಿಸಿ ವಾಪಸು ಪಡೆದು ರುಜು ಹಾಕಿಸಿಕೊಂಡರು. ಇ-ಮೇಲಿನ ಪಾಸ್‌ವರ್ಡನ್ನು ಯಾರೂ ಕೇಳಲಿಲ್ಲ.