ಹೊಟ್ಟೆ ತುಂಬಿದವರ ಕಷ್ಟವೂ ಕಷ್ಟವೇ

ಶ್ರೀಮಂತ ದೇಶದವರ ಕಷ್ಟಗಳೆಲ್ಲ ಅವರೇ ಮೈಮೇಲೆ ಎಳೆದುಕೊಂಡದ್ದು, ಹೊಟ್ಟೆ ತುಂಬಿದವರ ಗೋಳು ಅನ್ನೋ ಮಾತು ಹೊರದೇಶದಲ್ಲಿರುವ ನಮ್ಮ ಜನರ ಬಾಯಲ್ಲಿ ಆಗಾಗ ಬರುತ್ತದೆ. ಹಸಿವು, ಬರ ನೋಡಿದವರಿಗೆ ಹಾಗೆ ಅನಿಸುವುದು ಸಹಜ. ಆದರೂ ನಾನು ಒಪ್ಪುವುದಿಲ್ಲ.

ಅಮೆರಿಕದ ನೋವಿನ ಮಾತ್ರೆಗಳ ಕತೆ ನೋಡಿ. 1996ರಲ್ಲಿ ಆಕ್ಸಿಕಾಂಟಿನ್ ಅನ್ನೋ, ಅಫೀಮಿನ ಜಾತಿಯ ನೋವಿನ ಮಾತ್ರೆ ಮಾರುಕಟ್ಟೆಗೆ ಬಂತು. ಇದರಿಂದ ಚಟ ಹತ್ತುವುದು ಕಡಿಮೆ ಅಂತ ಕಂಪನಿಯವರು ವೈದ್ಯರನ್ನು ನಂಬಿಸಿದರು, ಹಾಗೆ ದಾರಿ ತಪ್ಪಿಸಿದ್ದನ್ನು 2007ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ಬೆನ್ನುನೋವಿಗೆ ಅಂತ ಮಾತ್ರೆ ನುಂಗಿದವರು ಎಷ್ಟೋ ಜನ ಚಟಕ್ಕೆ ಬಿದ್ದಿದ್ದರು, ಮಾತ್ರೆ ಸಿಗದಾದಾಗ ಕೆಲವರು ಹೆರಾಯಿನ್ ಹಿಡಿದರು, ಆಮೇಲೆ ಅದಕ್ಕಿಂತಲೂ ಎಷ್ಟೋ ಪಟ್ಟು ತೀವ್ರವಾದ ಫೆಂಟನಿಲ್ ಬಂತು. 2021ರಲ್ಲಿ ಆ ದೇಶದಲ್ಲಿ ಡ್ರಗ್ಸ್ ಅತಿಯಾಗಿ ಸತ್ತವರು 1 ಲಕ್ಷಕ್ಕೂ ಜಾಸ್ತಿ. ಇದು ಮನುಷ್ಯರೇ ಮಾಡಿಕೊಂಡದ್ದು, ನಿಜ. ಆದರೆ ಮಾರಿದವರು ಬೇರೆ, ಸತ್ತವರು ಬೇರೆ ಅಲ್ವಾ? "ಅವರೇ ಮಾಡಿಕೊಂಡದ್ದು" ಅಂದಾಗ ಈ ಇಬ್ಬರನ್ನೂ ಒಂದೇ ಮಾಡಿಬಿಡುತ್ತೇವೆ. ನನಗೆ ಸಿಟ್ಟು ಬರುವುದು ಅಲ್ಲೇ.

ಒಂಟಿತನದ ವಿಷಯ ಸ್ವಲ್ಪ ಬೇರೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಇದರ ಹೊಣೆಯನ್ನು ಒಬ್ಬ ಸಚಿವರಿಗೆ ವಹಿಸಿದಾಗ ನಕ್ಕವರಿದ್ದಾರೆ. ಆದರೆ ಉಸಿರುಗಟ್ಟಿಸುವ ಮನೆಯಿಂದ, ಬೇಡದ ಮದುವೆಯಿಂದ ಹೊರಬಂದು ತನ್ನ ಕಾಲ ಮೇಲೆ ನಿಲ್ಲುವ ಅವಕಾಶವೂ ಈ ಸಮಾಜಗಳೇ ಕೊಟ್ಟದ್ದು, ಒಂಟಿತನ ಎಷ್ಟೋ ಸಲ ಅದರ ಜೊತೆಗೇ ಬರುತ್ತದೆ. ಇದನ್ನು ತಪ್ಪು ಅಂತ ನಾನು ಕರೆಯಲಾರೆ.

ಮನೆ ಸಿಗದ ಸಮಸ್ಯೆ ಮಾತ್ರ ಪೂರ್ತಿ ಕೈಯಾರೆ ಮಾಡಿದ್ದು. ಅಮೆರಿಕದ ಎಷ್ಟೋ ನಗರಗಳಲ್ಲಿ ಹೆಚ್ಚಿನ ವಸತಿ ಜಾಗದಲ್ಲಿ ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಅನ್ನೋ ನಿಯಮ ಇದೆ. ಜಾಗ ಇದೆ, ದುಡ್ಡಿದೆ, ಕಟ್ಟಲು ಬಿಡುವುದಿಲ್ಲ. ಆಗಲೇ ಮನೆ ಇರುವವರಿಗೆ ಬೆಲೆ ಏರಿದಷ್ಟೂ ಲಾಭ, ಹಾಗಾಗಿ ಹೊಸ ಕಟ್ಟಡ ಬೇಡ ಅಂತ ಸಭೆಗೆ ಬಂದು ಗಲಾಟೆ ಮಾಡುವವರೂ ಅವರೇ. ಸಂಬಳದ ಅರ್ಧ ಬಾಡಿಗೆಗೆ ಸುರಿಯುವ ಹುಡುಗಿ ಆ ನಿಯಮ ಬರೆದವಳಲ್ಲ.

ಬೇರೆ ದಾರಿ ಇಲ್ಲದೇನಿಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಸುಮಾರು ಅರ್ಧದಷ್ಟು ಜನ ನಗರಸಭೆ ಕಟ್ಟಿದ ಅಥವಾ ಸರ್ಕಾರದ ಸಹಾಯಧನದ ಮನೆಗಳಲ್ಲಿದ್ದಾರೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರ 2016ರಲ್ಲಿ ಇಂಥ ನಿಯಮ ಸಡಿಲಿಸಿತು, ಕಟ್ಟುವುದು ಹೆಚ್ಚಾಯಿತು. ಫಿನ್ಲೆಂಡ್ 2008ರಿಂದ ಬೀದಿಯಲ್ಲಿದ್ದವರಿಗೆ ಮೊದಲು ಮನೆ ಕೊಟ್ಟಿತು, ಚಟ ಬಿಡಿಸುವುದು, ಕೆಲಸ ಹುಡುಕುವುದು ಎಲ್ಲ ಆಮೇಲೆ. ಸುಮಾರು 15 ವರ್ಷಗಳಲ್ಲಿ ಅಲ್ಲಿ ಮನೆಯಿಲ್ಲದವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು.