ವರದಿ ಬರೆಯುವುದಷ್ಟೇ ಕೆಲಸವಲ್ಲ
ಆಸ್ಪತ್ರೆಯ ರಿಸ್ಕ್ ಮ್ಯಾನೇಜರ್ ಅಂದರೆ ಅನಾಹುತ ಆದಮೇಲೆ ವರದಿ ಬರೆಯುವವರು ಅನ್ನುವ ಹಾಗೆ ನಿಮ್ಮ ಲೇಖನದಲ್ಲಿದೆ. ಇದೇ ಕೆಲಸದಲ್ಲಿರುವ ನನಗೆ ಅದು ಅರ್ಧ ಸತ್ಯ ಅನಿಸಿತು; ಅನಾಹುತ ಆಗದ ಹಾಗೆ ಮೊದಲೇ ತಡೆಯುವುದೂ ನಮ್ಮ ಕೆಲಸ.

ನಮಗೆ ಜಾಸ್ತಿ ಕಲಿಸುವುದು ಅನಾಹುತ ಸ್ವಲ್ಪದರಲ್ಲಿ ತಪ್ಪಿಹೋದ ಪ್ರಕರಣಗಳು. ರೋಗಿಗೆ ಏನೂ ಆಗಿರುವುದಿಲ್ಲ, ಹಾಗಾಗಿ ಯಾರೂ ಬರೆದಿಡುವುದಿಲ್ಲ. ಬರೆದರೆ ಎಲ್ಲಿ ಮೆಮೊ ಬರುತ್ತದೋ ಅನ್ನುವ ಭಯ ಬೇರೆ. ಒಂದೂ ವರದಿ ಬರದ ವಾರ್ಡ್ ಕಂಡರೆ ಆಡಳಿತದವರಿಗೆ ಖುಷಿ, ನನಗೆ ಅನುಮಾನ.

ಏನಾದರೂ ಆದರೆ ಸಾಕು, ‘ನರ್ಸ್‌ಗಳಿಗೆ ತರಬೇತಿ ಕೊಡಿ’ ಅಂದುಬಿಡುತ್ತಾರೆ. ದೇಹದಲ್ಲಿ ಪೊಟ್ಯಾಸಿಯಂ ಕಡಿಮೆಯಾದಾಗ ಕೊಡುವ ಔಷಧಿ, ಗಾಢವಾದ ಪೊಟ್ಯಾಸಿಯಂ ಕ್ಲೋರೈಡ್ ವಿಷಯವನ್ನೇ ನೋಡಿ. ಸಲೈನ್‌ನಲ್ಲಿ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಂತುಹೋಗಬಹುದು. ಅದರ ಬಾಟಲಿಯೋ, ಎಷ್ಟೋ ಸಲ ಬೇರೆ ಔಷಧಿಯ ಬಾಟಲಿಯ ಹಾಗೇ ಕಾಣುತ್ತದೆ. ರಾತ್ರಿ ಪಾಳಿಯ ಸುಸ್ತಿನಲ್ಲಿ ತರಬೇತಿ ಎಷ್ಟು ನೆನಪಿರುತ್ತದೆ ಹೇಳಿ? ಅದನ್ನು ವಾರ್ಡ್ ಕಪಾಟಿನಿಂದಲೇ ತೆಗೆದು, ಫಾರ್ಮಸಿಯಿಂದ ಬೆರೆಸಿದ್ದನ್ನೇ ಕಳಿಸಿದರೆ ತಪ್ಪಾಗುವ ದಾರಿಯೇ ಮುಚ್ಚಿತು, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ, ಆಪರೇಷನ್ ಶುರುವಾಗುವ ಮೊದಲಿನಿಂದ ಹಂತಹಂತವಾಗಿ ನೋಡಿ ಟಿಕ್ ಹಾಕಬೇಕಾದ ಸರ್ಜರಿ ಚೆಕ್‌ಲಿಸ್ಟ್ ಒಳ್ಳೆಯದೇ. ಆದರೆ ಆಪರೇಷನ್ ಮುಗಿದಮೇಲೆ ಕೂತು ಸುಮ್ನೆ ಟಿಕ್ ಹಾಕುವ ಕಡೆಗಳೂ ಇವೆ. ಅದರ ಬಗ್ಗೆ ನೀವು ಇನ್ನೊಂದು ಲೇಖನ ಬರೆಯಬೇಕು.